ಸೆಕೆಗೊಂದು ಸ್ಪ್ಯಾನಿಷ್ ಹೆಸರು

ಮೇ ತಿಂಗಳ ಮಧ್ಯಾಹ್ನ. ಕೃತ್ತಿಕೆ ಮಳೆ ಹುಟ್ಟಿ ನಾಲ್ಕು ದಿನವಾಗಿತ್ತು. ಹುಟ್ಟಿದ್ದು ಪಂಚಾಂಗದಲ್ಲಿ ಮಾತ್ರ. ಶೆಟಗೇರಿಯ ನಮ್ಮ ಮನೆಯ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿ, ಕಾಗೆ ಕಾಯುತ್ತ ಜಗಲಿಯಲ್ಲಿ ಮೂರು ತಲೆಮಾರಿನವರು ಕೂತಿದ್ದೆವು. ಎಪ್ಪತ್ತೆಂಟರ ನನ್ನ ಆಯಿ, ನಲವತ್ತೊಂಬತ್ತರ ನಾನು, ಬೆಂಗಳೂರಿನಿಂದ ರಜೆಗೆ ಬಂದ ನಮ್ಮ ಅಕ್ಕನ ಮಗಳು. ತೆಂಗಿನ ಗರಿ ಸಹ ಅಲುಗುತ್ತಿರಲಿಲ್ಲ. ಕರೆಂಟು ಬೆಳಿಗ್ಗೆಯೇ ಹೋಗಿತ್ತು. ಇದ್ದ ಒಂದೇ ಒಂದು ಹಾಳೆ ಬೀಸಣಿಗೆ ಆಯಿಯ ಕೈಯಲ್ಲಿ.

"ಉಸ್ಸಪ್ಪಾ... ಕೆ ಬೊಚೊರ್ನೊ!" ಎಂದಳು ಹುಡುಗಿ, ದುಪಟ್ಟಾದಿಂದ ಕುತ್ತಿಗೆ ಒರೆಸಿಕೊಳ್ಳುತ್ತ.

ಆಯಿಯ ಬೀಸಣಿಗೆ ನಿಂತಿತು. "ಯಾರ ಬೊಚ್ಚು ಬಾಯಿ? ನನ್ನದಾ?"

ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಯಿಗೆ ಮೇಲಿನ ಸಾಲಿನಲ್ಲಿ ಹಲ್ಲಿಲ್ಲ, ಕಟ್ಟಿಸಿಕೊಂಡದ್ದನ್ನು ಹಾಕಿಕೊಳ್ಳುವುದೂ ಇಲ್ಲ. "ನಿನ್ನ ಬಾಯಿ ಅಲ್ಲ ಅಜ್ಜಿ, ಇದು ಸ್ಪ್ಯಾನಿಷ್. ಎಂಥಾ ಸೆಕೆ ಮಾರಾಯ್ತಿ ಅಂತ ನಾವು ಹೇಳೂದಿಲ್ವಾ, ಅದೇ" ಎಂದು ಮೊಮ್ಮಗಳು ಸಮಾಧಾನ ಮಾಡಿದಳು.

ಅವಳ ಆಫೀಸಿನ ಕೆಲಸವೆಲ್ಲ ಮೆಕ್ಸಿಕೊ ದೇಶದವರ ಜೊತೆ. ಆ ಭಾಷೆ ಬಂದರೆ ಪಗಾರ ಸ್ವಲ್ಪ ಏರುತ್ತದಂತೆ. ಅದಕ್ಕಾಗಿ ವಾರಕ್ಕೆರಡು ದಿನ ಬೆಳಿಗ್ಗೆ ಮೊಬೈಲಿನ ಎದುರು ಕೂತು, ಮೆಕ್ಸಿಕೊದಲ್ಲೇ ಇರುವ ಒಬ್ಬ ಟೀಚರಮ್ಮನಿಂದ ಪಾಠ ಹೇಳಿಸಿಕೊಳ್ಳುತ್ತಾಳೆ. ನಮಗೆ ಬೆಳಗಾಗುವಾಗ ಅವರಿಗೆ ರಾತ್ರಿ. ಇಲ್ಲಿಗೆ ಬಂದ ಮೇಲೂ ಪಾಠ ತಪ್ಪಿಸಿರಲಿಲ್ಲ. ನಾನು ದೋಸೆ ಹುಯ್ಯುತ್ತ ಕಿವಿಗೆ ಬಿದ್ದಷ್ಟನ್ನು ಕೇಳಿಸಿಕೊಳ್ಳುತ್ತಿದ್ದೆ.

ಈ ವಯಸ್ಸಿಗೆ, ಈ ಊರಿನಲ್ಲಿ, ನನಗೇಕೆ ಸ್ಪ್ಯಾನಿಷ್ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಹವಾಮಾನದ ಒಂದು ಸ್ಪ್ಯಾನಿಷ್ ಪದ ಆಗಲೇ ನಮ್ಮೆಲ್ಲರ ಬಾಯಲ್ಲಿದೆ, ಯೋಚಿಸಿ ನೋಡಿ. ಮಳೆ ಕೈಕೊಟ್ಟ ವರ್ಷ ಪೇಪರಿನವರು ಬರೆಯುವ 'ಎಲ್ ನಿನೊ'! 2023ರಲ್ಲಿ ಅದರ ಹೆಸರು ಕೇಳದ ದಿನವಿರಲಿಲ್ಲ. ಆ ಸಲದ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆಯಾದ ಆಗಸ್ಟ್. ನಮ್ಮ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರಕಾರ ಸಾರಿತ್ತು. ಎಲ್ ನಿನೊ ಅಂದರೆ ಯಾವುದೋ ರಾಕ್ಷಸನ ಹೆಸರು ಅಂತ ನಾನು ತಿಳಿದಿದ್ದೆ. ಅಲ್ಲ, 'ಗಂಡುಮಗು' ಅಂತ ಅರ್ಥ! ದಕ್ಷಿಣ ಅಮೆರಿಕದ ಪೆರು ದೇಶದ ಮೀನುಗಾರರು ಇಟ್ಟ ಹೆಸರದು. ಅವರ ಕರಾವಳಿಯಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಸಮುದ್ರದ ನೀರು ಬೆಚ್ಚಗಾಗುವುದನ್ನು ಕಂಡು, ಬಾಲಯೇಸುವಿನ ಹೆಸರಿನಲ್ಲಿ ಹಾಗೆ ಕರೆದರು. ಆ ಕೂಸು ಅಲ್ಲಿ ಜೋರು ಮಾಡಿದರೆ ಎಷ್ಟೋ ಸಲ ಇಲ್ಲಿ ನಮ್ಮ ಮಳೆ ಸೊರಗುತ್ತದೆ.

ಇನ್ನೊಂದು ತಮಾಷೆ ಕೇಳಿ. ಅದರ ಸರಿಯಾದ ಉಚ್ಚಾರ 'ನಿನೊ' ಅಲ್ಲವಂತೆ, 'ನೀಞೊ'. ವರ್ಣಮಾಲೆಯಲ್ಲಿ ಚ ಛ ಜ ಝ ಆದಮೇಲೆ ಬರುವ 'ಞ' ನೆನಪಿದೆಯೇ? ಶಾಲೆಯಲ್ಲಿ ಬಾಯಿಪಾಠ ಮಾಡಿದ ಮೇಲೆ ಅದನ್ನು ಬರೆಯುವ ಪ್ರಸಂಗವೇ ನನಗೆ ಬಂದಿರಲಿಲ್ಲ. ಅದು ಉಪಯೋಗಕ್ಕೆ ಬಂದದ್ದು ಸ್ಪ್ಯಾನಿಷಿಗೆ!

"ಚಿಕ್ಕಿ, ನಿಂಗೆ ಅರ್ಧ ಸ್ಪ್ಯಾನಿಷ್ ಮೊದಲೇ ಬರ್ತದೆ" ಎಂದು ಹುಡುಗಿ ನನ್ನನ್ನು ಉಬ್ಬಿಸುತ್ತಿದ್ದಳು. ಪೂರ್ತಿ ಸುಳ್ಳೂ ಅಲ್ಲ. ಕಾರವಾರ ದಾಟಿದರೆ ಗೋವೆ. ಅಲ್ಲಿ ನಾನೂರೈವತ್ತು ವರ್ಷ ಕೂತ ಪೋರ್ತುಗೀಸರ ಭಾಷೆ ಸ್ಪ್ಯಾನಿಷಿನ ತಂಗಿ. ಮೇಜು, ಚಾವಿ, ಪಗಾರ, ಬಟಾಟೆ ಎಲ್ಲ ಪೋರ್ತುಗೀಸರಿಂದ ನಮ್ಮ ಮನೆ ಸೇರಿದವು. ಸ್ಪ್ಯಾನಿಷಿನಲ್ಲೂ ಮೇಜಿಗೆ 'ಮೇಸಾ', ಹಣ ಕೊಡುವುದಕ್ಕೆ 'ಪಗಾರ್'. ಬೆಂಗಳೂರಿನವರು ಆಲೂಗಡ್ಡೆ ಅಂದಾಗೆಲ್ಲ ನಮ್ಮ ಬಟಾಟೆಗೆ ನಾನು ಸುಮ್ಮನೆ ನಾಚಿಕೊಳ್ಳುತ್ತಿದ್ದೆ. ಇನ್ನು ನಾಚುವುದಿಲ್ಲ.

ಇರಲಿ, ಬೊಚೊರ್ನೊಗೆ ಬರುತ್ತೇನೆ.

ಬಿಸಿಲು ಬೇರೆ, ಸೆಕೆ ಬೇರೆ. ಇದು ಘಟ್ಟದ ಮೇಲಿನವರಿಗೆ ಎಷ್ಟು ಹೇಳಿದರೂ ತಿಳಿಯದು. ಕಲಬುರ್ಗಿಯಲ್ಲಿ ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಕಾರವಾರ, ಅಂಕೋಲೆಯಲ್ಲಿ 33, 34 ಇದ್ದರೆ ಹೆಚ್ಚು. ಆದರೂ ಅಲ್ಲಿಂದ ಬಂದವರು ಇಲ್ಲಿ "ಜೀವ ಹೋಗ್ತದ್ರಿ" ಅನ್ನುತ್ತಾರೆ! ಕಾರಣ ಸರಳ. ಬೆವರು ಆರಿದರೆ ಮೈ ತಂಪಾಗುತ್ತದೆ. ಇಲ್ಲಿ ಕಡಲಿನ ತೇವ ತುಂಬಿಕೊಂಡ ಗಾಳಿಗೆ ನಮ್ಮ ಬೆವರನ್ನು ಎತ್ತಿಕೊಳ್ಳಲು ಜಾಗವೇ ಇರುವುದಿಲ್ಲ. ಬೆವರು ಇಳಿಯುತ್ತದೆ, ಆರುವುದಿಲ್ಲ. ಹೊಸ ಮಳೆಗೆ ಮುಂಚೆ ಮೋಡ ಕವಿದು ಗಾಳಿ ನಿಂತಾಗಲಂತೂ ಮುಚ್ಚಿದ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ಜೂನ್ ಒಂದರ ಸುಮಾರಿಗೆ ಕೇರಳ ಮುಟ್ಟಿದ ಮುಂಗಾರು ನಾಲ್ಕೈದು ದಿನದಲ್ಲಿ ನಮ್ಮಲ್ಲಿಗೆ ಬರುವವರೆಗೂ ಇದೇ ಗತಿ.

ಈ ಇಡ್ಲಿ ಪಾತ್ರೆಯ ಸೆಕೆಗೇ ಸ್ಪ್ಯಾನಿಷಿನವರು ಬೊಚೊರ್ನೊ ಅನ್ನುವುದು. ಬರೀ ಬಿಸಿಲಿಗೆ ಅವರಲ್ಲೂ ಬೇರೆ ಮಾತಿದೆ. ಮೂಲದಲ್ಲಿ ಇದೊಂದು ಗಾಳಿಯ ಹೆಸರು. ಹಳೆಯ ರೋಮಿನವರು ಆಗ್ನೇಯ ದಿಕ್ಕಿನ ಗಾಳಿಯನ್ನು 'ವುಲ್ತುರ್ನುಸ್' ಎನ್ನುತ್ತಿದ್ದರು. ಅದೇ ಬಾಯಿಂದ ಬಾಯಿಗೆ ಸವೆದು ಬೊಚೊರ್ನೊ ಆಯಿತು. ವ ಹೋಗಿ ಬ ಬಂತಲ್ಲ ಎಂದು ಆಶ್ಚರ್ಯಪಡಬೇಡಿ. ವನ ಬನವಾಗಲಿಲ್ಲವೇ, ವಜ್ರ ಬಜ್ಜರವಾಗಲಿಲ್ಲವೇ? ಸ್ಪೇನಿನಲ್ಲಿ ಎಬ್ರೊ ಎಂಬ ದೊಡ್ಡ ನದಿಯ ಕಣಿವೆಯಿದೆ. ಅಲ್ಲಿ ಆಗ್ನೇಯದಿಂದ ಬೀಸುವ ಬಿಸಿ ಗಾಳಿಗೆ ಇವತ್ತಿಗೂ ಬೊಚೊರ್ನೊ ಎಂದೇ ಹೆಸರು.

"ಸೆಕೆಯಾಗ್ತದೆ ಅನ್ನೂದಕ್ಕೆ 'ಆಸೆ ಬೊಚೊರ್ನೊ' ಅನ್ಬೇಕು" ಎಂದು ಹುಡುಗಿ ಹೇಳಿಕೊಟ್ಟಳು. ಆಸೆಯಂತೆ! ಸೆಕೆಗೆ ಆಸೆಪಡುವವರು ಯಾರು? ಅವರ 'ಆಸೆ' ಅಂದರೆ 'ಮಾಡುತ್ತದೆ' ಅಂತ ಅರ್ಥವಂತೆ.

ಇಷ್ಟೇ ಆಗಿದ್ದರೆ ನಾನು ಎರಡು ದಿನದಲ್ಲಿ ಮರೆತುಬಿಡುತ್ತಿದ್ದೆ. ಆದರೆ ಆ ಪದದ ಹೊಟ್ಟೆಯೊಳಗೆ ಇನ್ನೂ ಎರಡು ಅರ್ಥಗಳಿದ್ದವು.

ಒಂದು, ಅವಮಾನ. ನಾಲ್ಕು ಜನರ ಎದುರು ನಗೆಪಾಟಲಾದಾಗ ಮುಖ ಕೆಂಪಾಗಿ ಕಿವಿ ಬಿಸಿಯಾಗುತ್ತದಲ್ಲ, ಅದೂ ಬೊಚೊರ್ನೊ. ಮದುವೆ ಮನೆಯಲ್ಲಿ ಸೀರೆಯ ನೆರಿಗೆ ಬಿಚ್ಚಿಕೊಂಡಿತೋ, ಬೀಗರ ಎದುರು ಮಗ ಮನೆಯ ಗುಟ್ಟು ಹೇಳಿದನೋ, "ಕೆ ಬೊಚೊರ್ನೊ!" ಹವೆಯ ಸೆಕೆಗೂ ಅದೇ ಉದ್ಗಾರ, ಮರ್ಯಾದೆ ಹೋದದ್ದಕ್ಕೂ ಅದೇ. ನಾಚಿಕೆಗೇಡಿನ ಕೆಲಸ ಮಾಡಿದ ರಾಜಕಾರಣಿಯ ಸುದ್ದಿಗೆ ಅಲ್ಲಿನ ಪತ್ರಿಕೆಯವರು 'ಬೊಚೊರ್ನೋಸೊ' ಎಂದು ತಲೆಬರಹ ಕೊಡುತ್ತಾರಂತೆ. ನಮ್ಮಲ್ಲೂ ಆ ಪದ ಬಂದರೆ ಪೇಪರಿನವರಿಗೆ ದಿನಾ ಕೆಲಸ!

ಇದನ್ನು ಕೇಳಿದ ಮೇಲೆ ಕಾಯಿ ತುರಿಯುತ್ತ, ಪಾತ್ರೆ ತಿಕ್ಕುತ್ತ ನನ್ನ ತಲೆಯಲ್ಲಿ ಅದೇ ಲೆಕ್ಕ. ನಮ್ಮ ಕನ್ನಡದಲ್ಲಿ ಬಿಸಿ ಎಲ್ಲೆಲ್ಲಿಗೆ ಹೋಗುತ್ತದೆ? ಮತ್ಸರವಾದರೆ ಹೊಟ್ಟೆಕಿಚ್ಚು, ಹೊಟ್ಟೆಯುರಿ. ಸಿಟ್ಟು ಬಂದರೆ ಮೈಯೆಲ್ಲ ಉರಿಯುತ್ತದೆ. ಚಿಂತೆಯಾದರೆ ತಲೆಬಿಸಿ. ಲಂಚ ಕೊಟ್ಟರೆ ಕೈ ಬಿಸಿ. ಮಕ್ಕಳು ಹೇಳಿದ್ದು ಕೇಳದಿದ್ದರೆ ಬಿಸಿ ಮುಟ್ಟಿಸುತ್ತೇವೆ. ಆದರೆ ನಾಚಿಕೆಗೆ? ನಾಚಿದರೆ ನಾವು ಬಿಸಿಯಾಗುವುದಿಲ್ಲ, ನೀರಾಗುತ್ತೇವೆ! 'ನಾಚಿ ನೀರಾದಳು.' ಅವಮಾನವಾದರೆ ತಲೆ ತಗ್ಗುತ್ತದೆ, ಮುಖ ಸಪ್ಪಗಾಗುತ್ತದೆ, ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ. ಅವರ ನಾಚಿಕೆ ಬೆಂಕಿಯ ಜಾತಿ, ನಮ್ಮದು ನೀರಿನ ಜಾತಿ. ಹೆಂಗಸರು ನೀರಾಗಿ ಹರಿದು ಕಾಣದಂತೆ ಹೋಗಲಿ ಎಂದು ಯಾರೋ ಮಾಡಿಟ್ಟ ಮಾತೋ ಏನೋ... ಇದು ನನ್ನ ಕುಹಕ, ಪಂಡಿತರು ಕ್ಷಮಿಸಬೇಕು.

ಇನ್ನೊಂದು ಅರ್ಥ ಗೊತ್ತಾದದ್ದು ಒಂದು ಬೆಳಗಿನ ಪಾಠದಲ್ಲಿ.

ಟೀಚರಮ್ಮ ಏನೋ ವಿವರಿಸುತ್ತಿದ್ದವರು ತಟ್ಟನೆ ನಿಲ್ಲಿಸಿದರು. ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಕೆಂಪು ಏರಿತು. ನೋಟುಬುಕ್ಕಿನಿಂದ ಗಾಳಿ ಹಾಕಿಕೊಳ್ಳುತ್ತ "ಪೆರ್ದೋನ್, ಉನ್ ಬೊಚೊರ್ನೊ" ಎಂದರು. ಕ್ಷಮಿಸಿ, ಒಂದು ಬೊಚೊರ್ನೊ. ನಮ್ಮ ಹುಡುಗಿ ಗಾಬರಿಯಾದಳು. ತನ್ನಿಂದ ಏನೋ ತಪ್ಪು ಮಾತು ಬಂತು, ಅವರಿಗೆ ಅವಮಾನವಾಯಿತು ಅಂದುಕೊಂಡು ಇವಳೂ ಕ್ಷಮೆ ಕೇಳತೊಡಗಿದಳು. ಟೀಚರಮ್ಮ ನಕ್ಕುಬಿಟ್ಟರು. ತನಗೆ ಐವತ್ತೊಂದು, ಮುಟ್ಟು ನಿಂತಿದೆ, ಈ ವಯಸ್ಸಿನಲ್ಲಿ ಹೆಂಗಸರಿಗೆ ಒಳಗಿನಿಂದ ಬರುವ ಸೆಕೆಗೂ ಮೆಕ್ಸಿಕೊದಲ್ಲಿ ಬೊಚೊರ್ನೊ ಎಂದೇ ಹೇಳುತ್ತಾರೆ, ಎರಡು ನಿಮಿಷ ತಾಳು, ಹೋಗುತ್ತದೆ ಎಂದರಂತೆ. ಸ್ಪೇನಿನಲ್ಲಿ ಇದಕ್ಕೆ 'ಸೊಫೋಕೊ' ಅನ್ನುವುದೇ ರೂಢಿ, ಅಂದರೆ ಉಸಿರುಗಟ್ಟಿಸುವಂಥದ್ದು.

ಪಾಠ ಮುಗಿಸಿ ಬಂದ ಹುಡುಗಿ ನಗುನಗುತ್ತ ಇದನ್ನು ಹೇಳುತ್ತಿದ್ದರೆ ನಾನು ಸೌಟು ಹಿಡಿದು ಹಾಗೇ ನಿಂತಿದ್ದೆ. ಕಾವಲಿಯ ಮೇಲೆ ದೋಸೆ ಸೀದುಹೋಯಿತು.

ನನ್ನ ವಿಷಯ ಹೇಳಲೇಬೇಕು. ಎರಡು ವರ್ಷದಿಂದ ನನಗೆ ಹೀಗಾಗುತ್ತಿತ್ತು. ಕೂತಲ್ಲೇ ಯಾರೋ ಎದೆಯೊಳಗೆ ಒಲೆ ಹೊತ್ತಿಸಿದಂತೆ. ಬಿಸಿ ಮೇಲೇರುತ್ತದೆ, ಎದೆ ಡವಗುಟ್ಟುತ್ತದೆ, ಕುಪ್ಪಸ ಒದ್ದೆಯಾಗುತ್ತದೆ. ಆಮೇಲೆ ಚಳಿ! ಮಳೆಗಾಲದ ರಾತ್ರಿ, ಮನೆಯವರೆಲ್ಲ ಕಂಬಳಿ ಹೊದ್ದು ಮಲಗಿದ್ದರೆ ನಾನೊಬ್ಬಳು ಎದ್ದು ಹೋಗಿ ಹಿತ್ತಿಲ ಬಾಗಿಲು ತೆಗೆದು ನಿಲ್ಲುತ್ತಿದ್ದೆ. ಯಾರಿಗೆ ಹೇಳುವುದು, ಏನೆಂದು ಹೇಳುವುದು? "ಸೆಕೆಯಾಗ್ತದೆ" ಅಂದರೆ ನಮ್ಮವರು "ಎಲ್ಲಾರಿಗೂ ಆಗ್ತದೆ, ಫ್ಯಾನ್ ಹಾಕು" ಅನ್ನುತ್ತಿದ್ದರು. ಆಷಾಢದಲ್ಲೂ ಸೆಕೆ ಅಂದಾಗ "ನಿಂಗೆ ಎಂತದೋ ತಲೆಬಿಸಿ" ಅಂದರು. ಅವರ ತಪ್ಪಿಲ್ಲ, ನಾನು ಕೊಟ್ಟದ್ದೇ ಅಂಥ ಪದ.

ಒಂದು ವೈಶಾಖದಲ್ಲಿ, ಬಂಡಿಹಬ್ಬದ ಸಮಯ, ನೆಂಟರ ಮನೆಯಲ್ಲಿ ನಿಶ್ಚಿತಾರ್ಥ. ನಾನು ಬೀಗರ ಹೆಂಗಸರ ಸಾಲಿನಲ್ಲಿ ಕೂತಿದ್ದೆ. ಹುಡುಗನ ಸಂಬಳದ ಮಾತು ಬರುವುದಕ್ಕೂ ನನ್ನ ಮುಖಕ್ಕೆ ಆ ಬಿಸಿ ಏರುವುದಕ್ಕೂ ಸರಿಹೋಯಿತು. ಕೆಂಪಾದೆ, ಬೆವತೆ, ಸೆರಗಿನಿಂದ ಮುಖ ಒರೆಸುತ್ತ ಎದ್ದು ಹೊರಗೆ ಹೋದೆ. ಸಂಬಳ ಕಡಿಮೆಯೆಂದು ನಾನು ಸಿಟ್ಟಾಗಿ ಎದ್ದೆ ಅಂತ ಅಲ್ಲಿ ಸುದ್ದಿಯಾಯಿತು! ಸಂಬಂಧ ಮುರಿಯಲಿಲ್ಲ, ಪುಣ್ಯ. ಆದರೆ ಒಂದು ವರ್ಷ ಆ ಮನೆಯವರು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಮೈಯ ಸೆಕೆಗೆ ಅವಮಾನದ ಸೆಕೆಯೂ ಕೂಡಿತು. ಈಗ ಹೇಳಿ, ಅದು ಬೊಚೊರ್ನೊ ಅಲ್ಲದೆ ಮತ್ತೇನು?

ಆಮೇಲೆ ಒಬ್ಬ ಡಾಕ್ಟರರ ಹತ್ತಿರ ಹೋದೆ. ಎದೆ ಡವಗುಟ್ಟುತ್ತದೆ, ನಿದ್ದೆಯಿಲ್ಲ ಎಂದಷ್ಟೇ ಹೇಳಿದೆ. ಅವರು ನಿದ್ದೆಯ ಗುಳಿಗೆ ಬರೆದುಕೊಟ್ಟರು. ಮುಟ್ಟು ಯಾವಾಗ ನಿಂತಿತೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವತ್ತು ಮಧ್ಯಾಹ್ನ ಹಪ್ಪಳ ಮಗುಚಿ ಹಾಕುತ್ತ ಹುಡುಗಿಗೆ ಮೆಲ್ಲಗೆ ಹೇಳಿದೆ, "ನಿನ್ನ ಟೀಚರಮ್ಮನಿಗೆ ಬಂದದ್ದು ನಂಗೂ ಬರ್ತದೆ." ಅವಳು ಏನಾದರೂ ಹೇಳುವ ಮೊದಲೇ ಜಗಲಿಯಿಂದ ಆಯಿಯ ಧ್ವನಿ ಬಂತು. ಕಿವಿ ಕೇಳುವುದಿಲ್ಲ ಎಂದು ನಾವು ಮಾತಾಡಿಕೊಳ್ಳುವ ವಿಷಯವೆಲ್ಲ ಆಯಿಗೆ ಕೇಳುತ್ತದೆ.

"ನಂಗೂ ಬರ್ತಿತ್ತು ಮಗಾ."

ನಾನು ತಿರುಗಿ ನೋಡಿದೆ. ಆಯಿ ಬೀಸಣಿಗೆ ತೊಡೆಯ ಮೇಲಿಟ್ಟುಕೊಂಡು ಅಂಗಳ ನೋಡುತ್ತಿದ್ದಳು. ನನಗೆ ಎಷ್ಟೋ ವರ್ಷದ ಹಿಂದಿನದು ನೆನಪಾಯಿತು. ನನ್ನ ಮದುವೆಗೆ ಮುಂಚಿನ ಮಾತು. ಆಯಿ ನಡುರಾತ್ರಿ ಎದ್ದು ಬಾವಿಕಟ್ಟೆಗೆ ಹೋಗಿ ಕೂರುತ್ತಿದ್ದಳು. ಒಮ್ಮೊಮ್ಮೆ ಕೊಡಪಾನದ ನೀರು ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದಳು. ಗಾಳಿ ಸೋಕಿದೆ ಎಂದು ಅಜ್ಜಿ ಹೇಳಿದಳು. ಮಂತ್ರಿಸಿದ ತಾಯತ ಬಂತು, ಹರಕೆಯಾಯಿತು. ನಾವು ಅಕ್ಕತಂಗಿಯರು ಆಯಿಯ ಪಕ್ಕದಲ್ಲಿ ಮಲಗಲು ಹೆದರುತ್ತಿದ್ದೆವು. ನಾನಂತೂ ಸೀದಾ ಹೋಗಿ ಅಜ್ಜಿಯ ಕೋಣೆಯಲ್ಲಿ ಮಲಗುತ್ತಿದ್ದೆ.

"ನೀನ್ಯಾಕೆ ಹೇಳ್ಲಿಲ್ಲ ಆಯಿ?"

"ಎಂತ ಹೇಳೂದು? ಅದಕ್ಕೆ ಹೆಸರು ಗೊತ್ತಿತ್ತಾ ನಂಗೆ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ತಾಯತ ಕಟ್ಟದ ಮೇಲೂ ಬಂತು. ನಾಕೈದು ವರ್ಷ ಬಂತು. ಕಡೆಗೆ ತನ್ನಷ್ಟಕ್ಕೆ ಹೋಯ್ತು. ತಾಯತದಿಂದ ಹೋಯ್ತು ಅಂದ್ರು."

ಮುಟ್ಟು ನಿಲ್ಲುವುದಕ್ಕೆ 'ಋತುಬಂಧ' ಅಂತ ಪುಸ್ತಕದ ಮಾತಿದೆ. 'ಮುಟ್ಟು ನಿಂತಿತು' ಎಂಬ ಮನೆಮಾತೂ ಇದೆ. ಆದರೆ ಅದರ ಜೊತೆ ಬರುವ ಈ ಬಿಸಿಗೆ ನಮ್ಮ ಅಡುಗೆಮನೆಯಲ್ಲಿ ಹೆಸರಿಲ್ಲ. ಡಾಕ್ಟರರು 'ಹಾಟ್ ಫ್ಲಶ್' ಅನ್ನುತ್ತಾರೆ. ಜಪಾನಿನಲ್ಲೂ ಇದಕ್ಕೇ ಮೀಸಲಾದ ಒಂದು ಪದವಿರಲಿಲ್ಲವೆಂದು, ಅಲ್ಲಿನ ಹೆಂಗಸರನ್ನು ಮಾತಾಡಿಸಿ 1993ರಲ್ಲಿ ದೊಡ್ಡ ಪುಸ್ತಕ ಬರೆದ ಮಾರ್ಗರೆಟ್ ಲಾಕ್ ಎಂಬಾಕೆ ಹೇಳಿದ್ದಾರೆ. ಅಲ್ಲಿ ಈ ಸೆಕೆಯ ಬಗ್ಗೆ ಹೇಳಿಕೊಂಡವರೇ ಕಡಿಮೆಯಂತೆ. ಅವರ ಊಟದಿಂದಲೋ, ಮೈಯ ಗುಣದಿಂದಲೋ ನಿಜಕ್ಕೂ ಕಡಿಮೆ ಬರುತ್ತಿರಬಹುದು. ಆದರೆ ಹೆಸರಿಲ್ಲದ್ದನ್ನು ಹೇಳಿಕೊಳ್ಳುವುದು ಎಷ್ಟು ಕಷ್ಟವೆಂದು ನನಗೂ ಆಯಿಗೂ ಗೊತ್ತು.

ಮರುವಾರ ಹುಡುಗಿಯೇ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಒಬ್ಬ ಲೇಡಿ ಡಾಕ್ಟರರಲ್ಲಿಗೆ ಹೋದಳು. ಈ ಸಲ ಎಲ್ಲ ಹೇಳಿದೆ. ಅವರು ಹೇಳಿದ್ದರಲ್ಲಿ ಎಲ್ಲರಿಗೂ ಉಪಯೋಗವಾಗುವಷ್ಟನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ಮೆದುಳಿನಲ್ಲಿ ಮೈಯ ಬಿಸಿ ಹದವಾಗಿಡುವ ಒಂದು ಭಾಗವಿದೆ. ಇಸ್ತ್ರಿಪೆಟ್ಟಿಗೆಯಲ್ಲಿ ಬಿಸಿ ಹೆಚ್ಚಾದರೆ ತಾನೇ ಆರುವ ಕೀಲಿ ಇರುವುದಿಲ್ಲವೇ, ಹಾಗೆ. ಮುಟ್ಟು ನಿಲ್ಲುವ ಕಾಲಕ್ಕೆ ಈಸ್ಟ್ರೊಜೆನ್ ಎಂಬ ಹಾರ್ಮೋನು ಇಳಿಯುತ್ತದೆ. ಆಗ ಆ ಕೀಲಿ ತೀರ ಸೂಕ್ಷ್ಮವಾಗಿ, ಚೂರು ಬಿಸಿಯಾದರೂ 'ಮೈ ಕಾಯ್ತು, ತಂಪು ಮಾಡು' ಎಂದು ತಪ್ಪು ಗಂಟೆ ಬಾರಿಸುತ್ತದೆ. ಚರ್ಮದ ರಕ್ತನಾಳ ಹಿಗ್ಗುತ್ತದೆ, ಮುಖ ಕೆಂಪಾಗುತ್ತದೆ, ಬೆವರು ಸುರಿಯುತ್ತದೆ. ಸಾಮಾನ್ಯವಾಗಿ ಒಂದರಿಂದ ಐದು ನಿಮಿಷ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ನಲವತ್ತಾರು, ನಲವತ್ತೇಳು. ಪಶ್ಚಿಮದ ದೇಶಗಳಲ್ಲಿ ಐವತ್ತೊಂದರ ಸುಮಾರು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಇದು ಯಾವ ವಯಸ್ಸಿನಲ್ಲಾದರೂ ಒಮ್ಮೆಗೇ ಜೋರಾಗಿ ಬರಬಹುದು.

ಎಷ್ಟು ಕಾಲ? ಕೆಲವರಿಗೆ ಒಂದೆರಡು ವರ್ಷ. ಅಮೆರಿಕದಲ್ಲಿ ಬಹಳ ವರ್ಷ ಹೆಂಗಸರನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪದೇ ಪದೇ ಬರುವವರಲ್ಲಿ ಅರ್ಧಕ್ಕರ್ಧ ಜನಕ್ಕೆ ಏಳು ವರ್ಷಕ್ಕೂ ಹೆಚ್ಚು ಇತ್ತು. ಇದನ್ನು ಕೇಳಿ ನಾನು "ಅಯ್ಯೋ ದೇವರೇ" ಅಂದೆ. ಡಾಕ್ಟರರು ನಕ್ಕರು.

ಔಷಧ ಇಲ್ಲವೆಂದಲ್ಲ. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಹಾರ್ಮೋನಿನ ಚಿಕಿತ್ಸೆ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶದಿಂದ ಎಲ್ಲರೂ ಅದಕ್ಕೆ ಹೆದರಿಕೊಂಡರು. ಆಮೇಲೆ ಲೆಕ್ಕವನ್ನು ಮತ್ತೆ ನೋಡಿದಾಗ, ಅರವತ್ತರ ಒಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡಿದವರಿಗೆ ಅಪಾಯ ಕಡಿಮೆಯೆಂದು ತಿಳಿಯಿತು. ಆದರೆ ಸ್ತನದ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಸಾಮಾನ್ಯವಾಗಿ ಆಗದು. ಹಾರ್ಮೋನಿಲ್ಲದ ಗುಳಿಗೆಗಳೂ ಇವೆ. ಪಕ್ಕದ ಮನೆಯವರಿಗೆ ಕೊಟ್ಟದ್ದನ್ನು ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತಂದು ನುಂಗಬೇಡಿ. ನನಗೆ ಸದ್ಯ ಯಾವುದೂ ಬೇಡ ಎಂದಾಯಿತು.

ಎರಡು ವಿಷಯ ಮಾತ್ರ ಮರೆಯಬಾರದು. ಮುಟ್ಟು ನಿಂತು ಪೂರ್ತಿ ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ 'ಮತ್ತೆ ಶುರುವಾಯ್ತು' ಎಂದು ಸುಮ್ಮನಿರದೆ ತಕ್ಷಣ ತೋರಿಸಬೇಕು. ಇನ್ನೊಂದು, ಎಲ್ಲ ಬೆವರೂ ಬೊಚೊರ್ನೊ ಅಲ್ಲ. ರಾತ್ರಿ ಬೆವರಿನ ಜೊತೆ ಜ್ವರ, ಕೆಮ್ಮು, ತೂಕ ಇಳಿಯುವುದು ಇದ್ದರೆ ಕ್ಷಯವೇ ಎಂದು ನೋಡಿಸಬೇಕು. ಥೈರಾಯ್ಡ್ ಹೆಚ್ಚಾದರೂ ಬೆವರು, ಎದೆಬಡಿತ ಬರುತ್ತದೆ. ಎದೆ ನೋವು ಇದ್ದರಂತೂ ಸೆಕೆ ಎಂದು ಬೀಸಣಿಗೆ ಹಿಡಿದು ಕೂರುವ ಹೊತ್ತಲ್ಲ, ಆಸ್ಪತ್ರೆಗೆ ಓಡಬೇಕು.

ಮನೆಯಲ್ಲಿ ನಾನು ಮಾಡಿಕೊಂಡ ಬದಲಾವಣೆ ಸಣ್ಣವು. ರಾತ್ರಿ ನೈಲಾನ್ ನೈಟಿ ಬಿಟ್ಟು ಹಳೆಯ ಹತ್ತಿ ಸೀರೆ. ಸಂಜೆಯ ಮೇಲೆ ಚಹಾ ಇಲ್ಲ. ಇದು ನನಗೆ ಬಹಳ ಕಷ್ಟವಾಯಿತು, ವಾರಕ್ಕೊಮ್ಮೆ ತಪ್ಪುತ್ತೇನೆ. ದಿಂಬಿನ ಪಕ್ಕ ಒಂದು ತಂಬಿಗೆ ನೀರು. ಮತ್ತೆ ಮುರುಗಲ ಹಣ್ಣಿನ ಪಾನಕ. ಇದರಿಂದ ಒಳಗಿನ ಸೆಕೆ ನಿಲ್ಲುತ್ತದೆಂದು ನಾನು ಹೇಳುವುದಿಲ್ಲ, ಹೊರಗಿನ ಸೆಕೆಗೆ ಮಾತ್ರ ಇದಕ್ಕೆ ಸಮನಾದದ್ದು ಬೇರೆ ಇಲ್ಲ. ಏಳೆಂಟು ಒಣ ಮುರುಗಲ ಸಿಪ್ಪೆಯನ್ನು ಒಂದು ಲೋಟ ನೀರಿನಲ್ಲಿ ಎರಡು ತಾಸು ನೆನೆಹಾಕಿ, ಚೆನ್ನಾಗಿ ಕಿವುಚಿ ಸೋಸಿ. ಮೂರು ಲೋಟ ತಣ್ಣೀರು, ರುಚಿಗೆ ಬೆಲ್ಲ, ಚಿಟಿಕೆ ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ ಅರ್ಧ ಚಮಚ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯಾದರೆ ಮೇಲೆ ಮತ್ತೆ ಉಪ್ಪು ಬೇಡ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಟ್ಟು ಒಂದು ಹಸಿಮೆಣಸು ಜಜ್ಜಿ ಹಾಕಿಕೊಂಡರೆ ಅದರ ರುಚಿಯೇ ಬೇರೆ.

ನಮ್ಮವರಿಗೂ ಹೇಳಿದೆ. ಕನ್ನಡದಲ್ಲಿ ಹೇಳಲು ಎರಡು ವರ್ಷ ಬಾಯಿ ಬರಲಿಲ್ಲ. ಪರದೇಶದ ಪದ ಸಿಕ್ಕಿದ ಮೇಲೆ ಬೇರೆ ಯಾರದೋ ವಿಷಯ ಹೇಳಿದಷ್ಟು ಸಲೀಸಾಯಿತು! ಅವರು ಪೇಪರಿನಿಂದ ತಲೆ ಎತ್ತಿ ಪೂರ್ತಿ ಕೇಳಿದರು. "ಇಷ್ಟು ದಿನ ಫ್ಯಾನ್ ಹಾಕು ಅಂತ ಹೇಳ್ತಾ ಇದ್ನಲ್ಲ ನಾನು" ಎಂದರು. ಆ ಸಂಜೆಯೇ ಪೇಟೆಗೆ ಹೋಗಿ, ಕರೆಂಟು ಹೋದರೂ ಬ್ಯಾಟರಿಯ ಮೇಲೆ ತಿರುಗುವ ಒಂದು ಸಣ್ಣ ಫ್ಯಾನು ತಂದರು. ಅದು ಶಬ್ದ ಬಹಳ ಮಾಡುತ್ತದೆ. ಇರಲಿ.

ನಿಶ್ಚಿತಾರ್ಥದ ಮನೆಯವರಿಗೆ ಮಾತ್ರ ಇನ್ನೂ ಹೇಳಿಲ್ಲ. ಮದುಮಗಳ ತಾಯಿಗೂ ಈಗ ನಲವತ್ತೇಳು. ಮೊನ್ನೆ ಸಂತೆಯಲ್ಲಿ ಸಿಕ್ಕಿದವಳು, ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದುಕೊಂಡೇ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಮುಂದಿನ ವಾರ ಹಪ್ಪಳ ಕೊಡುವ ನೆಪದಲ್ಲಿ ಅವರ ಮನೆಗೆ ಹೋಗಿಬರಬೇಕು ಅಂದುಕೊಂಡಿದ್ದೇನೆ.

ಹುಡುಗಿ ಬೆಂಗಳೂರಿಗೆ ಹೋದಳು. ಆಯಿ ನನ್ನ ಜೊತೆಗೇ ಇದ್ದಾಳೆ. ಈಗ ಮಳೆ ಹಿಡಿದಿದೆ, ಮಾಡಿನಿಂದ ನೀರು ಸುರಿಯುತ್ತಿದೆ, ರಾತ್ರಿ ಮೈ ನಡುಗುವಷ್ಟು ಥಂಡಿ. ನಿನ್ನೆ ಎರಡು ಗಂಟೆಗೆ ಎಂದಿನಂತೆ ಎದ್ದು ಹಿತ್ತಿಲ ಬಾಗಿಲು ತೆಗೆದು ನಿಂತಿದ್ದೆ. ಹಿಂದಿನಿಂದ ಸೊಂಟ ಹಿಡಿದುಕೊಂಡು ಆಯಿ ಬಂದಳು. ಕೈಯಲ್ಲಿ ಹಾಳೆ ಬೀಸಣಿಗೆ.

"ಬಂತಾ ನಿನ್ನ ಬೊಚ್ಚರ್ನಿ?" ಎಂದು ಕೇಳಿ, ನನ್ನನ್ನು ಹೊಸ್ತಿಲ ಮೇಲೆ ಕೂರಿಸಿ ಬೀಸತೊಡಗಿದಳು.